ಸೂಲಗಿತ್ತಿಯ ಕೈಯೂ ಹೆರಿಗೆಯ ಧೈರ್ಯವೂ

ಚನ್ನಗಿರಿಯೆಂಬ ಹೆಸರು ಕೆಳದಿಯ ಚನ್ನಮ್ಮಾಜಿಯಿಂದ ಬಂದುದೆಂದು ಪ್ರತೀತಿ. 17ನೆಯ ಶತಮಾನದ ಕೊನೆಯ ಭಾಗದಲ್ಲಿ ರಾಜ್ಯವಾಳಿದ ಆ ರಾಣಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿರಲಿಲ್ಲವೆಂಬುದನ್ನೂ, ಬಸಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಂಡು ಸಿಂಹಾಸನಕ್ಕೆ ಸಿದ್ಧಪಡಿಸಿದಳೆಂಬುದನ್ನೂ ಚರಿತ್ರಕಾರರು ಬರೆದಿಟ್ಟಿದ್ದಾರೆ. ಆದರೆ ಅದೇ ಕಾಲದಲ್ಲಿ ಬೆಟ್ಟದ ಮೇಲಣ ಕೋಟೆಯ ಕೆಳಗಿದ್ದ ಮನೆಗಳಲ್ಲಿ ಹೆತ್ತವರಾರು, ಹೆರಿಗೆಯಲ್ಲಿ ಪ್ರಾಣಬಿಟ್ಟವರಾರು, ಅವರ ಪಕ್ಕದಲ್ಲಿ ಕುಳಿತು ಬೆನ್ನು ನೀವಿದವರಾರು ಎಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ. ರಾಜರ ಚರಿತ್ರೆಗೆ ಕಲ್ಲಿನ ಸಾಕ್ಷಿಯುಂಟು. ಹೆರಿಗೆಯ ಚರಿತ್ರೆಗಾದರೋ ಭಾಷೆಯಲ್ಲಿ ಉಳಿದಿರುವ ಮಾತುಗಳು, ವೈದ್ಯಗ್ರಂಥಗಳ ಕೆಲವು ಅಧ್ಯಾಯಗಳು, ಮನೆಮನೆಯ ಆಚಾರಗಳು, ಈಚಿನ ಕಾಲದ ಸರ್ಕಾರಿ ಅಂಕಿಗಳು, ಇಷ್ಟೇ ಆಧಾರ. ಹೆರುವವಳಿಗೆ ಧೈರ್ಯವು ಎಲ್ಲಿಂದ ಬರುತ್ತಿತ್ತು, ಆ ಧೈರ್ಯವು ಆಕೆಯನ್ನು ಎಷ್ಟರಮಟ್ಟಿಗೆ ಕಾಪಾಡಿತು ಎಂಬ ಪ್ರಶ್ನೆಯನ್ನು ಈ ಸಾಕ್ಷ್ಯಗಳಿಗೇ ಕೇಳಬೇಕು.

ಮೊದಲು ಮಾತನ್ನೇ ನೋಡೋಣ. ಸೂಲು ಎಂದರೆ ಹೆರಿಗೆ. ಅದನ್ನು ಮಾಡಿಸುವವಳು ಸೂಲಗಿತ್ತಿ. ಎಮ್ಮೆ ಎರಡನೆಯ ಸೂಲಿನದೋ ಮೂರನೆಯ ಸೂಲಿನದೋ ಎಂದು ಸಂತೆಯಲ್ಲಿ ಇಂದಿಗೂ ವಿಚಾರಿಸುವುದುಂಟು. ಮನುಷ್ಯರ ವಿಷಯದಲ್ಲಿ ಮಾತ್ರ ಆ ಮಾತು ಸೂಲಗಿತ್ತಿಯ ಹೆಸರಿನೊಳಗೆ ಅಡಗಿಕೊಂಡಿದೆ. (ಈ ತಾಲ್ಲೂಕಿನ ಪ್ರಸಿದ್ಧವಾದ ಸೂಳೆಕೆರೆಯ ಹೆಸರಿಗೂ ಈ ಸೂಲಿಗೂ ಯಾವ ಸಂಬಂಧವೂ ಇಲ್ಲ, ಲಕಾರ ಳಕಾರಗಳ ಭೇದವನ್ನು ಮರೆತು ಕಲ್ಪನೆಗೆ ಹೊರಡುವವರಿರುವುದರಿಂದ ಇಷ್ಟು ಹೇಳಬೇಕಾಯಿತು.) ಸಂಸ್ಕೃತದಲ್ಲಿ ಪ್ರಸೂತಿ, ಪ್ರಸವ, ಧಾತ್ರಿ ಮೊದಲಾದ ಶಬ್ದಗಳು ಎಷ್ಟಿದ್ದರೂ ಹಳ್ಳಿಯವರು ಅವನ್ನು ಎರವಲು ತರಲಿಲ್ಲ. ಈ ವಿದ್ಯೆಯು ಹೊರಗಿನಿಂದ ಬಂದುದಲ್ಲ, ಮನೆಯಲ್ಲಿಯೇ ಬೆಳೆದುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ಆದರೂ ಶಾಸ್ತ್ರವು ಈ ವಿಷಯದಲ್ಲಿ ಮೌನವಾಗಿರಲಿಲ್ಲ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯವನ್ನು ಓದಿದವರಿಗೆ ಆಶ್ಚರ್ಯವಾಗದಿರದು. ಗರ್ಭಿಣಿಯು ಒಂಬತ್ತನೆಯ ತಿಂಗಳಿನಲ್ಲಿ ಸೂತಿಕಾಗೃಹವನ್ನು ಪ್ರವೇಶಿಸಬೇಕು. ಆಕೆಯ ಸುತ್ತಲೂ ಹಲವು ಸಲ ಹೆತ್ತವರೂ, ಸ್ನೇಹವುಳ್ಳವರೂ, ಸಮಯೋಚಿತವಾಗಿ ನಡೆದುಕೊಳ್ಳಬಲ್ಲವರೂ, ವಿಷಾದವಿಲ್ಲದವರೂ, ಕಷ್ಟವನ್ನು ಸಹಿಸತಕ್ಕವರೂ ಆದ ಸ್ತ್ರೀಯರು ಇರಬೇಕು ಎಂದು ಅಲ್ಲಿ ವಿಧಿಸಿದೆ. ಔಷಧಗಳ ಪಟ್ಟಿಯೂ ಇದೆ. ಆದರೆ ಅದರ ಜೊತೆಗೇ ಮನುಷ್ಯರ ಪಟ್ಟಿಯನ್ನೂ ಕೊಟ್ಟಿರುವುದೇ ಅದರ ಹೆಚ್ಚುಗಾರಿಕೆ. ನೋವು ತಡವಾದರೆ ಗರ್ಭಿಣಿಯ ಕೈಗೆ ಒನಕೆಯನ್ನು ಕೊಟ್ಟು ಧಾನ್ಯವನ್ನು ಕುಟ್ಟಿಸಬೇಕೆಂದು ಕೆಲವರು ಹೇಳುತ್ತಿದ್ದರಂತೆ. ಆತ್ರೇಯನು ಅದನ್ನು ಖಂಡಿಸಿ, ಆ ಸಮಯದಲ್ಲಿ ದೇಹಕ್ಕೆ ಅಂಥ ದಾರುಣವಾದ ಶ್ರಮವು ಕೂಡದು, ಮೆಲ್ಲಗೆ ಅಡ್ಡಾಡುವುದು ಒಳ್ಳೆಯದು ಎನ್ನುತ್ತಾನೆ. ನೋವು ಬಾರದಿರುವಾಗ ಮುಕ್ಕಕೂಡದು, ಹಾಗೆ ಮಾಡಿದರೆ ಶ್ರಮವು ವ್ಯರ್ಥವಾಗುವುದಲ್ಲದೆ ಶಿಶುವಿಗೂ ಕೇಡು ಎಂಬ ಎಚ್ಚರಿಕೆಯೂ ಅಲ್ಲಿಯೇ ಇದೆ. ಸುಶ್ರುತನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪರಿಚರ್ಯೆಗೆ ನಾಲ್ವರು ವಯಸ್ಸಾದ, ಪ್ರಸವಕಾರ್ಯದಲ್ಲಿ ನುರಿತ ಸ್ತ್ರೀಯರು ಬೇಕು, ಅವರು ಉಗುರುಗಳನ್ನು ಕತ್ತರಿಸಿಕೊಂಡಿರಬೇಕು ಎಂದು ಹೇಳಿದ್ದಾನೆ. ಉಗುರಿನ ಈ ಒಂದು ಮಾತು ಮುಂದೆ ಮತ್ತೆ ನೆನಪಿಗೆ ಬರುವುದು.

ಕನ್ನಡದಲ್ಲಿಯೂ ವೈದ್ಯಗ್ರಂಥಗಳಿಗೆ ಕೊರತೆಯಿಲ್ಲ. ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕವು 12ನೆಯ ಶತಮಾನದ್ದು; ಸುಮಾರು 1200ರಲ್ಲಿದ್ದ ದೇವೇಂದ್ರಮುನಿಯ ಬಾಲಗ್ರಹಚಿಕಿತ್ಸೆಯು ಶಿಶುಗಳ ರೋಗಗಳಿಗೇ ಮೀಸಲಾದದ್ದು. ಆದರೆ ಸೂಲಗಿತ್ತಿಯು ಇವನ್ನು ಓದಿದವಳಲ್ಲ. ಅಜ್ಜಿಯಿಂದ ಮೊಮ್ಮಗಳಿಗೆ, ಅತ್ತೆಯಿಂದ ಸೊಸೆಗೆ, ಕೈಯಿಂದ ಕೈಗೆ ಬಂದ ವಿದ್ಯೆ ಅವಳದು.

ಚನ್ನಗಿರಿ, ಹೊನ್ನಾಳಿ, ಜಗಳೂರು ಸೀಮೆಗಳ ಹಳೆಯ ಮನೆತನಗಳಲ್ಲಿ ಚೊಚ್ಚಲು ಹೆರಿಗೆಯು ತವರಿನಲ್ಲಿಯೇ ಆಗಬೇಕೆಂಬುದು ನಿಯಮದಂತೆ ನಡೆದುಬಂದಿತು. ಬಸುರಿಯ ಬಯಕೆಯನ್ನು ತೀರಿಸುವುದು, ಕುಪ್ಪಸದ ಕಾರ್ಯವನ್ನು ಮಾಡಿ ಹಸಿರು ಬಳೆ ತೊಡಿಸಿ ಉಡಿ ತುಂಬುವುದು, ಆಮೇಲೆ ತಾಯಿಯ ಮನೆಗೆ ಕರೆತರುವುದು, ಇವೆಲ್ಲ ಬರಿಯ ಸಂಭ್ರಮವೆಂದು ತಿಳಿಯಲಾಗದು. ಹದಿನಾರು ಹದಿನೇಳು ವರ್ಷದ ಹುಡುಗಿಯನ್ನು ಅತ್ತೆಯ ಮನೆಯ ದಾಕ್ಷಿಣ್ಯದಿಂದ ಬಿಡಿಸಿ, ನೋವು ಬಂದಾಗ ನಾಚದೆ ಕೂಗಬಹುದಾದ ಜಾಗಕ್ಕೆ ತಂದು ಕೂರಿಸುವ ಉಪಾಯವದು. ಅಲ್ಲಿ ಅವಳು ಹಿಂದೆ ಅಕ್ಕನ ಹೆರಿಗೆಯನ್ನು ಬಾಗಿಲ ಹೊರಗಿನಿಂದ ಕೇಳಿದ್ದಳು, ಬಾಣಂತಿಯಾದ ಅತ್ತಿಗೆಯ ಕೂಸನ್ನು ಎತ್ತಿ ಆಡಿಸಿದ್ದಳು. ಆದುದರಿಂದ ಹೆರಿಗೆಯೆಂಬುದು ಅವಳಿಗೆ ಅಪರಿಚಿತವಾದ ವಸ್ತುವಾಗಿರಲಿಲ್ಲ. ಸೂಲಗಿತ್ತಿಯೂ ಹೊರಗಿನವಳಲ್ಲ, ಆ ಹುಡುಗಿಯು ಹುಟ್ಟಿದಾಗ ಹೊಕ್ಕುಳಬಳ್ಳಿಯನ್ನು ಕತ್ತರಿಸಿದ ಮುದುಕಿಯೇ ಈಗ ಅವಳ ಸೊಂಟಕ್ಕೆ ಎಣ್ಣೆ ತಿಕ್ಕುತ್ತಿದ್ದಳು. ಇಂದು ನಗರಗಳಲ್ಲಿ ಹಣ ಕೊಟ್ಟು ತರಗತಿಗಳಲ್ಲಿ ಕಲಿಯುವ ಸಿದ್ಧತೆಯ ಬಹುಭಾಗವು ಹೀಗೆ ಅರಿವಿಲ್ಲದೆಯೇ ನಡೆದುಹೋಗುತ್ತಿತ್ತು.

ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಚರಿತ್ರೆಯಾಗದು, ಹೊಗಳಿಕೆಯಾದೀತು. ಹೆರಿಗೆಯನ್ನು ಮೈಲಿಗೆಯೆಂದು ಭಾವಿಸಿದ್ದರಿಂದ ಅದಕ್ಕೆ ಸಿಕ್ಕುತ್ತಿದ್ದುದು ಮನೆಯ ಅತ್ಯಂತ ಕತ್ತಲೆಯ ಮೂಲೆ. ಗಾಳಿಗೆ ದಾರಿಯಿಲ್ಲದ ಆ ಕೋಣೆಯಲ್ಲಿ ಕೆಂಡದ ಹೊಗೆ; ಹಾಸುವುದಕ್ಕೆ ಎಸೆಯಬಹುದಾದ ಹಳೆಯ ಬಟ್ಟೆ; ಬಳ್ಳಿಯನ್ನು ಕೊಯ್ಯುವುದಕ್ಕೆ ಹೊಲದಿಂದ ತಂದ ಕುಡುಗೋಲು. ಎಷ್ಟೋ ಶಿಶುಗಳು ವಾರ ಹತ್ತು ದಿನಗಳೊಳಗೆ ಧನುರ್ವಾಯುವಿನಿಂದ ಸೆಟೆದು ಸತ್ತರೆ ಅದನ್ನು ಗ್ರಹಚಾರವೆಂದು ಕರೆದರು. ಬಾಣಂತಿಗೆ ನೀರನ್ನು ಕೂಡ ಅಳೆದು ಕೊಟ್ಟರು. ಮಗು ಅಡ್ಡವಾಗಿದ್ದರೆ, ರಕ್ತವು ನಿಲ್ಲದಿದ್ದರೆ, ಸೂಲಗಿತ್ತಿಯ ಅನುಭವವೂ ನೆರೆದ ಸ್ತ್ರೀಯರ ಧೈರ್ಯವೂ ಒಟ್ಟಿಗೇ ಮುಗಿದುಹೋಗುತ್ತಿದ್ದವು. ಎತ್ತಿನ ಗಾಡಿಯನ್ನು ಕಟ್ಟಿಸಿ ಶಿವಮೊಗ್ಗೆಗೋ ದಾವಣಗೆರೆಗೋ ಹೊರಟರೆ ದಾರಿಯಲ್ಲಿಯೇ ಬೆಳಗಾಗಬೇಕು. 1946ರಲ್ಲಿ ಪ್ರಕಟವಾದ ಭೋರ್ ಸಮಿತಿಯ ವರದಿಯು ಭಾರತದಲ್ಲಿ ಸಾವಿರ ಜನನಗಳಿಗೆ ಸುಮಾರು 20 ತಾಯಂದಿರು ಸಾಯುತ್ತಿದ್ದರೆಂದು ಅಂದಾಜು ಮಾಡಿತು. ಒಬ್ಬೊಬ್ಬಳು ಐದಾರು ಸಲ ಹೆರುತ್ತಿದ್ದ ಕಾಲವದು. ಯಾವ ಮನೆತನದಲ್ಲಿಯೂ ಇಂಥ ಸಾವಿನ ನೆನಪು ಇಲ್ಲದಿರುವುದು ಅಪರೂಪ.

ಈ ದುರಂತವು ಭಾರತಕ್ಕೆ ಮಾತ್ರ ಸೇರಿದುದೂ ಅಲ್ಲ, ಸೂಲಗಿತ್ತಿಯರಿಗೆ ಮಾತ್ರ ಸೇರಿದುದೂ ಅಲ್ಲ. ವಿಯೆನ್ನಾ ನಗರದ ದೊಡ್ಡ ಹೆರಿಗೆ ಆಸ್ಪತ್ರೆಯಲ್ಲಿ ಎರಡು ವಿಭಾಗಗಳಿದ್ದವು. ಸೂಲಗಿತ್ತಿಯರು ನೋಡಿಕೊಳ್ಳುತ್ತಿದ್ದ ವಿಭಾಗಕ್ಕಿಂತ ವೈದ್ಯರೂ ವಿದ್ಯಾರ್ಥಿಗಳೂ ನೋಡಿಕೊಳ್ಳುತ್ತಿದ್ದ ವಿಭಾಗದಲ್ಲಿಯೇ ಬಾಣಂತಿಜ್ವರದ ಸಾವುಗಳು ಹೆಚ್ಚು. ಶವಗಳನ್ನು ಕೊಯ್ದ ಕೈಗಳಿಂದಲೇ ಅವರು ಹೆರುವವರನ್ನು ಮುಟ್ಟುತ್ತಿದ್ದರೆಂಬುದನ್ನು ಕಂಡುಕೊಂಡ ಸೆಮ್ಮೆಲ್‌ವೈಸನು 1847ರಲ್ಲಿ ಕ್ಲೋರಿನ್ ಬೆರೆತ ಸುಣ್ಣದ ನೀರಿನಿಂದ ಕೈ ತೊಳೆಯುವಂತೆ ಕಟ್ಟಳೆ ಮಾಡಿದನು. ಸಾವುಗಳು ತಟ್ಟನೆ ಇಳಿದವು. ಆದರೂ ದೊಡ್ಡ ವೈದ್ಯರು ಅವನ ಮಾತನ್ನು ಒಪ್ಪಲಿಲ್ಲ. ಸುಶ್ರುತನ ಉಗುರಿನ ವಿಧಿಯನ್ನು ಇಲ್ಲಿನವರೇ ಮರೆತಿದ್ದಾಗ ಅಲ್ಲಿನವರನ್ನು ಹಳಿಯುವುದು ನ್ಯಾಯವಲ್ಲ.

ಸರ್ಕಾರಗಳು ಈ ಕಡೆಗೆ ಕಣ್ಣು ತಿರುಗಿಸಿದ್ದು ನಿಧಾನವಾಗಿ. ಮದರಾಸಿನ ಎಗ್ಮೋರ್ ಹೆರಿಗೆ ಆಸ್ಪತ್ರೆಯು 1844ರಲ್ಲಿ ಆರಂಭವಾಯಿತು. ಲೇಡಿ ಡಫರಿನ್ನರ ಹೆಸರಿನ ನಿಧಿಯು 1885ರಲ್ಲಿ ಸ್ತ್ರೀವೈದ್ಯರನ್ನು ಒದಗಿಸುವುದಕ್ಕೂ, ಲೇಡಿ ಕರ್ಜನ್ನರು ಸ್ಥಾಪಿಸಿದ ವಿಕ್ಟೋರಿಯಾ ಸ್ಮಾರಕ ನಿಧಿಯು 1903ರಲ್ಲಿ ಹಳ್ಳಿಯ ಸೂಲಗಿತ್ತಿಯರಿಗೇ ಶಿಕ್ಷಣ ಕೊಡುವುದಕ್ಕೂ ಹುಟ್ಟಿದವು. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ವಂಶಕ್ಕೆ ಮರಳಿದ ಮೇಲೆ ಸ್ತ್ರೀಯರಿಗೆ ಪ್ರಸೂತಿವಿದ್ಯೆಯನ್ನು ಕಲಿಸಿ ತಾಲ್ಲೂಕುಗಳಿಗೆ ಕಳುಹಿಸುವ ಏರ್ಪಾಡು ನಡೆಯಿತು. 1895ರಿಂದ 1902ರವರೆಗೆ ರಾಜಪ್ರತಿನಿಧಿಯಾಗಿದ್ದ ವಾಣಿವಿಲಾಸ ಸನ್ನಿಧಾನದವರ ಹೆಸರಿನ ಆಸ್ಪತ್ರೆಯು 1935ರಲ್ಲಿ ಬೆಂಗಳೂರಿನಲ್ಲಿ ತೆರೆಯಿತು. ಆಗ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ, 1997ರಲ್ಲಿ ದಾವಣಗೆರೆ ಜಿಲ್ಲೆಗೆ ಬಂದ ಚನ್ನಗಿರಿಯಂಥ ತಾಲ್ಲೂಕಿನ ಹಳ್ಳಿಗಳಿಗೆ ಬೆಂಗಳೂರು ಬಹು ದೂರ. ಅಲ್ಲಿ ಸೂಲಗಿತ್ತಿಯದೇ ರಾಜ್ಯವು ಇನ್ನೂ ಕೆಲವು ದಶಕಗಳ ಕಾಲ ನಡೆಯಿತು.

ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಬೇರೊಂದು ವಿಚಾರವು ತಲೆಯೆತ್ತಿತು. ಅಲ್ಲಿ 1847ರಿಂದ ಹೆರಿಗೆಯಲ್ಲಿ ಕ್ಲೋರೋಫಾರ್ಮಿನ ಬಳಕೆ ಬಂದು, 1853ರಲ್ಲಿ ವಿಕ್ಟೋರಿಯಾ ರಾಣಿಯೇ ಅದನ್ನು ಸ್ವೀಕರಿಸಿದ ಮೇಲೆ, ಪ್ರಜ್ಞೆ ತಪ್ಪಿಸಿ ಹೆರಿಗೆ ಮಾಡಿಸುವುದು ನಾಗರಿಕತೆಯ ಲಕ್ಷಣವೆನಿಸಿತ್ತು. ಗ್ರಾಂಟ್ಲಿ ಡಿಕ್‌ರೀಡ್ ಎಂಬ ವೈದ್ಯನು 1933ರಲ್ಲಿ ಸಹಜ ಪ್ರಸವದ ವಿಷಯವಾಗಿ ಗ್ರಂಥವನ್ನು ಬರೆದು, ಭಯದಿಂದ ಸ್ನಾಯುಗಳು ಬಿಗಿಯುತ್ತವೆ, ಬಿಗಿತದಿಂದ ನೋವು ಹೆಚ್ಚುತ್ತದೆ, ನೋವಿನಿಂದ ಭಯವು ಇಮ್ಮಡಿಯಾಗುತ್ತದೆ. ಮುಂಚಿತವಾಗಿ ತಿಳಿವಳಿಕೆಯನ್ನೂ ಉಸಿರಾಟದ ಅಭ್ಯಾಸವನ್ನೂ ಕೊಟ್ಟರೆ ಈ ಚಕ್ರವನ್ನು ಮುರಿಯಬಹುದು ಎಂದು ವಾದಿಸಿದನು. ಲಂಡನ್ನಿನ ಬಡವರ ಕೇರಿಯಲ್ಲಿ ಒಬ್ಬಾಕೆ ಕ್ಲೋರೋಫಾರ್ಮ್ ಬೇಡವೆಂದು ತಳ್ಳಿ ಶಾಂತವಾಗಿ ಹೆತ್ತುದನ್ನು ನೋಡಿ ಅವನಿಗೆ ಈ ವಿಚಾರವು ಹೊಳೆಯಿತಂತೆ. ಇಷ್ಟರವರೆಗೆ ಅವನ ಮಾತು ಮನನೀಯವಾದದ್ದು. ಆದರೆ ನಾಗರಿಕತೆ ಸೋಕದ ದೇಶಗಳ ಸ್ತ್ರೀಯರು ಅನಾಯಾಸವಾಗಿ ಹೆರುತ್ತಾರೆಂದು ಅವನು ನಂಬಿದ್ದುದು ಶುದ್ಧ ಭ್ರಮೆ. ಭೋರ್ ಸಮಿತಿಯ ಅಂಕಿಯು ಆ ಭ್ರಮೆಗೆ ಸಾಕಷ್ಟು ಉತ್ತರ. ಧೈರ್ಯವು ನೋವನ್ನು ತಗ್ಗಿಸೀತು. ಹರಿಯುವ ರಕ್ತವನ್ನು ನಿಲ್ಲಿಸದು.

ಹಳೆಯ ವಿದ್ಯೆಯು ತನ್ನ ಅತ್ಯುತ್ತಮ ರೂಪದಲ್ಲಿ ಹೇಗಿತ್ತೆಂಬುದನ್ನು ನೋಡಬೇಕಾದರೆ ಚನ್ನಗಿರಿಯಿಂದ ಪೂರ್ವಕ್ಕೆ, ಚಿತ್ರದುರ್ಗದ ಸೀಮೆಯನ್ನು ದಾಟಿ, ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿಗೆ ಹೋಗಬೇಕು. ಅಲ್ಲಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು 1920ರಲ್ಲಿ ಹುಟ್ಟಿದವರು. ಓದು ಬರಹವಿಲ್ಲ. ಅಜ್ಜಿ ಮರಿಗೆಮ್ಮನವರಿಂದ ಕೆಲಸವನ್ನು ಕಲಿತು, ಊರಿಗೆ ಬರುತ್ತಿದ್ದ ಅಲೆಮಾರಿಗಳಿಂದ ಬೇರು ಸೊಪ್ಪುಗಳ ಗುಣವನ್ನು ತಿಳಿದುಕೊಂಡರು. ತಾವೇ ಹನ್ನೆರಡು ಸಲ ಹೆತ್ತ ತಾಯಿ. ಇಪ್ಪತ್ತನೆಯ ವಯಸ್ಸಿನಲ್ಲಿ ಆರಂಭಿಸಿದ ಈ ಕೆಲಸವನ್ನು ಏಳು ದಶಕಗಳಷ್ಟು ಕಾಲ ನಡೆಸಿ, 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಒಂದು ಕಾಸನ್ನೂ ಮುಟ್ಟದೆ ಮಾಡಿಸಿದರು. ತುಮಕೂರು ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟನ್ನೂ, ಭಾರತ ಸರ್ಕಾರವು 2018ರಲ್ಲಿ ಪದ್ಮಶ್ರೀಯನ್ನೂ ಕೊಟ್ಟವು. ಆ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಚರಕನು ಹೆಸರಿಸಿದ ಗುಣಗಳೆಲ್ಲವೂ ಅಕ್ಷರವರಿಯದ ಈ ಹೆಂಗಸಿನಲ್ಲಿದ್ದವು. ಆದರೆ ಊರಿಗೊಬ್ಬ ನರಸಮ್ಮ ಇರಲಿಲ್ಲವೆಂಬುದನ್ನೂ ಮರೆಯಬಾರದು.

ಸ್ವಾತಂತ್ರ್ಯಾನಂತರ ಬಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳು, ರಸ್ತೆಗಳು, ಧನುರ್ವಾಯುವಿನ ಚುಚ್ಚುಮದ್ದು, ರಕ್ತನಿಧಿಗಳು, 2005ರ ಜನನಿ ಸುರಕ್ಷಾ ಯೋಜನೆ ಇವು ಒಟ್ಟಾಗಿ ಮಾಡಿದ ಕೆಲಸವು ಅಂಕಿಗಳಲ್ಲಿಯೇ ಸ್ಪಷ್ಟವಾಗುತ್ತದೆ. 2018-20ರ ಲೆಕ್ಕದಲ್ಲಿ ಕರ್ನಾಟಕದ ತಾಯಂದಿರ ಮರಣವು ಲಕ್ಷ ಜನನಗಳಿಗೆ 69. ಭೋರ್ ಸಮಿತಿಯ ಅಂದಾಜನ್ನು ಇದೇ ಅಳತೆಗೆ ತಂದರೆ ಅದು 2,000 ಆಗುತ್ತದೆ! 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆದವು. ಸೂಲಗಿತ್ತಿಯ ಕಾಲವು ಮುಗಿಯಿತೆಂದು ದುಃಖಿಸತಕ್ಕವರು ಈ ಅಂಕಿಗಳನ್ನು ಎರಡು ಸಲ ಓದಬೇಕು.

ಆದರೆ ಆಸ್ಪತ್ರೆಯ ಬಾಗಿಲಲ್ಲಿ ಒಂದು ನಷ್ಟವೂ ಆಯಿತು. ಸೂಲಗಿತ್ತಿಯ ಕುಡುಗೋಲನ್ನು ಹೊರಗಿಡುವಾಗ ತಾಯಿಯನ್ನೂ ಅಕ್ಕನನ್ನೂ ಹೊರಗಿಟ್ಟರು. ಹೆರುವವಳು ಅಪರಿಚಿತರ ನಡುವೆ, ಎತ್ತರದ ಮೇಜಿನ ಮೇಲೆ ಅಂಗಾತ ಮಲಗಿ, ಯಾರ ಕೈಯೂ ಸಿಕ್ಕದೆ ನೋವನ್ನು ತಿನ್ನಬೇಕಾಯಿತು. ತೀರ್ಥಹಳ್ಳಿಯಲ್ಲಿ ಹುಟ್ಟಿ ವೈದ್ಯೆಯಾದ ಅನುಪಮಾ ನಿರಂಜನರು ಬಸುರು ಬಾಣಂತನಗಳನ್ನು ಕುರಿತು ತಿಳಿಗನ್ನಡದಲ್ಲಿ ಬರೆದ ‘ತಾಯಿ-ಮಗು’ ಎಂಬ ಪುಸ್ತಕವು ಎಷ್ಟೋ ಮನೆಗಳಲ್ಲಿ ಹಳೆಯ ಸೂಲಗಿತ್ತಿಯ ಅರ್ಧ ಕೆಲಸವನ್ನು ಮಾಡಿತು. ಉಳಿದರ್ಧವನ್ನು, ಅಂದರೆ ಪಕ್ಕದಲ್ಲಿ ಕೂರುವುದನ್ನು, ಪುಸ್ತಕವು ಮಾಡಲಾರದಷ್ಟೆ. ಮೇಲೆ ಹೇಳಿದ ಸಮೀಕ್ಷೆಯಲ್ಲಿಯೇ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ 31.5 ಶಸ್ತ್ರಕ್ರಿಯೆಯಿಂದ ಆದುವೆಂದು ಕಾಣಿಸಿದೆ. ಇಡೀ ಭಾರತದಲ್ಲಿ ಅದು 21.5. ಪ್ರಾಣವನ್ನುಳಿಸುವ ಶಸ್ತ್ರಕ್ರಿಯೆಯು ಇದರೊಳಗೆ ಬೇಕಾದಷ್ಟಿದೆ. ಭಯದಿಂದಲೋ ಅವಸರದಿಂದಲೋ ಆದುದೂ ಇದೆಯೆಂಬುದನ್ನು ವೈದ್ಯರೇ ಅಲ್ಲಗಳೆಯುವುದಿಲ್ಲ.

ಬಾಗಿಲು ಈಚೆಗೆ ಸ್ವಲ್ಪ ತೆರೆದಿದೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೆರುವವಳಿಗೆ ತಾನೊಪ್ಪಿದ ಜೊತೆಗಾರರಿರಬೇಕೆಂದೂ, ತನಗೆ ಅನುಕೂಲವಾದ ಭಂಗಿಯಲ್ಲಿರಲು ಅಡ್ಡಾಡಲು ಅವಕಾಶವಿರಬೇಕೆಂದೂ ಸಲಹೆ ಮಾಡಿತು. ಅದೇ ವರ್ಷ ಭಾರತ ಸರ್ಕಾರವು ದಾದಿಯರಿಗೆ ಹದಿನೆಂಟು ತಿಂಗಳ ಸೂಲಗಿತ್ತಿ ಶಿಕ್ಷಣವನ್ನು ಕೊಡುವ ನೀತಿಯನ್ನು ಪ್ರಕಟಿಸಿತು. ಅದಕ್ಕೂ ಮೊದಲೇ, 2016ರಲ್ಲಿ, ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಜೊತೆಗಾತಿಯೊಬ್ಬಳನ್ನು ಬಿಡಬಹುದೆಂದು ಕೇಂದ್ರದ ಆರೋಗ್ಯ ಇಲಾಖೆಯು ಒಪ್ಪಿ, ಅದಕ್ಕೆ ನಿಯಮಗಳನ್ನೂ ಮಾಡಿತು. ಆ ಜೊತೆಗಾತಿಗೆ ಅಂಟುರೋಗವಿರಕೂಡದು. ಶುಭ್ರವಾದ ಬಟ್ಟೆಯನ್ನು ಉಟ್ಟಿರಬೇಕು. ಹೆರಿಗೆಯು ಮುಗಿಯುವವರೆಗೂ ಗರ್ಭಿಣಿಯನ್ನು ಬಿಟ್ಟು ಹೋಗಕೂಡದು. ಆಸ್ಪತ್ರೆಯವರ ಕೆಲಸಕ್ಕೆ ಅಡ್ಡಬರಕೂಡದು. ಮತ್ತು ಆಕೆಯು ಹೆರಿಗೆಯನ್ನು ಸ್ವತಃ ಅನುಭವಿಸಿದವಳಾಗಿರಬೇಕು.