ಬಂಡೀಪುರದ ರಾತ್ರಿ ಸಂಚಾರ ನಿರ್ಬಂಧ: ಒಂದು ಸಾರ್ವಜನಿಕ ತೀರ್ಮಾನದ ಚರಿತ್ರೆ

ಪರಿಸರ, ಸಮಾಜ, ಆಡಳಿತ ಎಂಬ ಮೂರು ನೆಲೆಗಳಿಂದ ಸಂಸ್ಥೆಗಳನ್ನು ಅಳೆಯುವ ಇಎಸ್‌ಜಿ ಪದ್ಧತಿಗೆ ಆ ಹೆಸರು ಬಂದದ್ದು 2004ರ ವಿಶ್ವಸಂಸ್ಥೆಯ ಉಪಕ್ರಮವೊಂದರಿಂದ. ಭಾರತದಲ್ಲಿ ಸೆಬಿ 2021ರಲ್ಲಿ ಷೇರುಪೇಟೆಯ ಸಾವಿರ ದೊಡ್ಡ ಕಂಪನಿಗಳಿಗೆ ಇಂಥ ವರದಿಯನ್ನು ವಿಧಿಸಿತು. ಅದಕ್ಕೂ ಮೊದಲೇ ಈ ಮೂರೂ ಪ್ರಶ್ನೆಗಳು ಚಾಮರಾಜನಗರದ ಜಿಲ್ಲಾಡಳಿತಕ್ಕೆ ಒಟ್ಟಿಗೆ ಎದುರಾಗಿದ್ದವು. ಬಂಡೀಪುರದ ನಿರ್ಬಂಧ ಬಾಳಿದ್ದಕ್ಕೆ ಪರಿಸರ ಕಾಳಜಿಯಷ್ಟೇ ಬದಲಿ ರಸ್ತೆಯೂ ಕಾರಣ ಎಂಬುದು ಈ ಲೇಖನದ ವಾದ.

ಹಿನ್ನೆಲೆ

ಮೈಸೂರು ಅರಸರು 1931ರಲ್ಲಿ ಇಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಸ್ಥಾಪಿಸಿದರು. 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಸೇರಿತು. ಗುಂಡ್ಲುಪೇಟೆಯಿಂದ ಹೊರಡುವ ಎರಡು ಹೆದ್ದಾರಿಗಳು ಈ ಕಾಡನ್ನು ಹಾಯುತ್ತವೆ: ಒಂದು ಸುಲ್ತಾನ್ ಬತ್ತೇರಿಗೆ, ಇನ್ನೊಂದು ಊಟಿಗೆ. ಕಾಡು, ವನ್ಯಜೀವಿಗಳ ರಕ್ಷಣೆಯನ್ನು ರಾಜ್ಯದ ಹೊಣೆಯೆಂದು ಹೇಳುವ 48ಎ ವಿಧಿ 1976ರ ತಿದ್ದುಪಡಿಯಿಂದಲೇ ಸಂವಿಧಾನದಲ್ಲಿದ್ದರೂ ರಾತ್ರಿ ಲಾರಿಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುವುದು ನಿಂತಿರಲಿಲ್ಲ.

ಆದೇಶ ಮತ್ತು ನ್ಯಾಯಾಲಯ

2009ರ ಜೂನ್‌ನಲ್ಲಿ ಜಿಲ್ಲಾಧಿಕಾರಿಗಳು ಮೋಟಾರು ವಾಹನ ಕಾಯ್ದೆಯಡಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿದರು. ಕೆಲವೇ ದಿನಗಳಲ್ಲಿ ಆದೇಶ ಹಿಂದಕ್ಕೆ ಹೋಯಿತು. ಅದೇ ಜುಲೈನಲ್ಲಿ ಕರ್ನಾಟಕ ಹೈಕೋರ್ಟ್ ನಿಷೇಧವನ್ನು ಮರಳಿ ಜಾರಿಗೆ ತಂದು, 2010ರ ಮಾರ್ಚ್‌ನಲ್ಲಿ ಅಂತಿಮವಾಗಿ ಎತ್ತಿಹಿಡಿಯಿತು. ಒತ್ತಡಕ್ಕೆ ಕಾರ್ಯಾಂಗ ಸಡಿಲಬಹುದು, ಕಾರಣ ಬರೆದಿಟ್ಟ ತೀರ್ಪು ಅಷ್ಟು ಸುಲಭವಾಗಿ ಸಡಿಲದು ಎಂಬ ಆಡಳಿತದ ಪಾಠ ಇಲ್ಲಿದೆ.

ಸಮಾಜದ ಪಾಲು

ಕೇರಳ ಸುಪ್ರೀಂ ಕೋರ್ಟಿನ ಮೊರೆಹೋಯಿತು. ವಯನಾಡಿನ ಜನರಿಗೆ ರಸ್ತೆ ಬದುಕಿನ ಪ್ರಶ್ನೆಯಾಗಿತ್ತು. 2019ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ಉಪವಾಸ ಸತ್ಯಾಗ್ರಹವೂ ನಡೆಯಿತು. ಗುಂಡ್ಲುಪೇಟೆಯ ತರಕಾರಿಗೂ ಕೇರಳವೇ ದೊಡ್ಡ ಪೇಟೆ. ಈ ಒತ್ತಡವನ್ನು ತಗ್ಗಿಸಿದ್ದು ಎರಡು ಏರ್ಪಾಡುಗಳು. ಆಂಬುಲೆನ್ಸ್ ಮತ್ತು ಸೀಮಿತ ಸಂಖ್ಯೆಯ ಬಸ್ಸುಗಳಿಗೆ ವಿನಾಯಿತಿ ಸಿಕ್ಕಿತು. ಹುಣಸೂರು, ಗೋಣಿಕೊಪ್ಪ, ಕುಟ್ಟ ಮಾರ್ಗದ ರಸ್ತೆಯನ್ನು ಕರ್ನಾಟಕ ಸುಧಾರಿಸಿತು. ಕಾಡಿನೊಳಗೆ ಮೇಲ್ಸೇತುವೆ ಕಟ್ಟುವ 2018ರ ಕೇಂದ್ರದ ಪ್ರಸ್ತಾವವನ್ನು ರಾಜ್ಯ ಒಪ್ಪದೆ ನಿಲ್ಲಲು ಈ ಬದಲಿ ರಸ್ತೆ ಬಲ ಕೊಟ್ಟಿತು.

ತೀರ್ಮಾನ

ನೆರೆಯಲ್ಲೂ ಇದೇ ದಾರಿ ತುಳಿಯಲಾಗಿದೆ: ಸತ್ಯಮಂಗಲದ ಕಾಡಿನಲ್ಲಿ 2022ರ ಫೆಬ್ರವರಿಯಿಂದ ಮದ್ರಾಸ್ ಹೈಕೋರ್ಟ್ ರಾತ್ರಿ ನಿಷೇಧ ಜಾರಿಗೊಳಿಸಿತು. ಬಂಡೀಪುರದಲ್ಲಿ ಪರಿಸರದ ಪರ ಕಾನೂನಿತ್ತು, ಆಡಳಿತದ ಕೊರತೆಯನ್ನು ನ್ಯಾಯಾಲಯ ತುಂಬಿತು. ಸಮಾಜದ ಲೆಕ್ಕ ಮಾತ್ರ ಪ್ರತಿಭಟನೆ ಎದ್ದಾಗಲೆಲ್ಲ ತಡವಾಗಿ ಸೇರಿತು. ಮುಂದಿನ ನಿರ್ಬಂಧ ಯಾವುದೇ ಇರಲಿ, ಬದಲಿ ದಾರಿ ಮತ್ತು ಬಾಧಿತರ ಅಹವಾಲು ಮೊದಲ ಆದೇಶದಲ್ಲೇ ದಾಖಲಾಗಬೇಕು.