ಒಡವೆ ವಾಪಸ್ ಕಳಿಸಿದ ಉಳ್ಳಾಲದ ರಾಣಿ

ಮಕ್ಕಳು ಕೈಗೆ ಬಂದ್ಮೇಲೆ ಗಂಡ ಹೆಂಡ್ತಿ ಇಬ್ರೇ ಎರಡು ದಿನ ಎಲ್ಲಾದ್ರೂ ಹೋಗ್ಬರ್ಬೇಕು ಅಂತ ನಮ್ಮಲ್ಲಿ ಸುಮಾರು ಜನಕ್ಕೆ ಆಸೆ ಐತೆ. ಬಾಯಿಬಿಟ್ಟು ಹೇಳಲ್ಲ, ಅಷ್ಟೆ. ನಾವು ಹೋದ್ರೆ ಧರ್ಮಸ್ಥಳ, ತಿರುಪತಿ. ಅದೂ ಮನೆಮಂದಿಯೆಲ್ಲ ಗಾಡಿ ಮಾಡ್ಕೊಂಡು, ಪುಳಿಯೋಗರೆ ಬುತ್ತಿ ಕಟ್ಕೊಂಡು. ಈ ಸಲ ನಾವಿಬ್ರೂ ಹುಡುಗ್ರನ್ನ ಆನೇಕಲ್ಲಲ್ಲೇ ಬುಟ್ಟು ಮಂಗಳೂರಿಗೆ ಹೋಗ್ಬಂದ್ವಿ. ಸಮುದ್ರ, ನೀರ್ದೋಸೆ, ಗಡ್‌ಬಡ್ ಐಸ್‌ಕ್ರೀಮು ಎಲ್ಲಾರಿಗೂ ಗೊತ್ತಿರೋದೇ. ನಾನು ಬರೀತಿರೋದು ಆ ಸೀಮೇಲಿ ಹಿಂದೆ ಸಂಸಾರ ಮಾಡಿದ ಎರಡು ಜೋಡಿಗಳ ಕತೆ. ಕಟ್ಟುಕತೆ ಅಲ್ಲ, ಇತಿಹಾಸ.

ಮೊದಲು ಊರು ಎಂಗೈತೆ ಅಂತ ಹೇಳ್ಬುಡ್ತೀನಿ. ಮಂಗಳೂರಿನ ದಕ್ಷಿಣಕ್ಕೆ ನೇತ್ರಾವತಿ ಹೊಳೆ, ಉತ್ತರಕ್ಕೆ ಗುರುಪುರ ಹೊಳೆ. ಎರಡೂ ಬಂದು ಊರ ಮುಂದೆ ಒಟ್ಟಾಗಿ ಸಮುದ್ರ ಸೇರ್ತವೆ. ಹಡಗು ನಿಲ್ಲೋಕೆ ಒಳ್ಳೆ ಜಾಗ. ಘಟ್ಟದ ಮೆಣಸು, ಏಲಕ್ಕಿ, ಗದ್ದೆ ಅಕ್ಕಿ ಎಲ್ಲಾ ಇಲ್ಲಿಂದಲೇ ಅರಬ್ ದೇಶಗಳಿಗೆ ಹೋಗ್ತಿತ್ತು. ಕದ್ರಿ ಮಂಜುನಾಥನ ಗುಡೀಲಿರೋ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದ ಮೇಲೆ ಕ್ರಿ.ಶ. 968ರ ಬರಹ ಐತೆ. ಆಳುಪ ರಾಜ ಕುಂದವರ್ಮ ಮಾಡಿಸಿದ್ದು. ಅಷ್ಟು ಹಳೇ ಊರು.

ಈಗ ಮೊದಲನೇ ಜೋಡಿ. ಸುಮಾರು ಒಂಬೈನೂರು ವರ್ಷದ ಹಿಂದೆ ಅಬ್ರಹಾಂ ಬೆನ್ ಯಿಜು ಅಂತ ಒಬ್ಬ ಯಹೂದಿ ವ್ಯಾಪಾರಿ ಮಂಗಳೂರಲ್ಲಿ ಬಂದು ನೆಲೆ ನಿಂತ. ಆಫ್ರಿಕಾದ ಟುನೀಸಿಯಾ ಕಡೆಯೋನು. ಇಲ್ಲಿ ಕಂಚಿನ ಪಾತ್ರೆ ಮಾಡೋ ಕಾರ್ಖಾನೆ ಇಟ್ಟಿದ್ದ. ಏಡನ್ ಬಂದರಿಂದ ತಾಮ್ರ, ಒಡೆದ ಹಳೇ ಪಾತ್ರೆ ಕಳಿಸೋರು, ಇವನು ಹೊಸದು ಮಾಡಿಸಿ ವಾಪಸ್ ಕಳಿಸ್ತಿದ್ದ. ನಾವು ಹಳೇ ತಾಮ್ರದ ಹಂಡೆ ಹಾಕಿ ಹೊಸ ಪಾತ್ರೆ ತಗೊಳ್ಳಲ್ವಾ, ಹಂಗೇ. ಅದ್ರ ಜೊತೆ ಮೆಣಸು, ಅಡಿಕೆ ವ್ಯಾಪಾರ ಬೇರೆ. ಅಲ್ಲಿಂದ ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯೋ ಕಾಗದ ಬರ್ತಿತ್ತು.

1132ರಲ್ಲಿ ಇವನು ಅಶು ಅನ್ನೋ ಇಲ್ಲಿನ ಹೆಣ್ಣುಮಗಳನ್ನ ದಾಸ್ಯದಿಂದ ಬಿಡಿಸಿದ. ಬಿಡುಗಡೆ ಪತ್ರ ಬರೆದದ್ದು ಮಂಗಳೂರಲ್ಲೇ. ಆ ಪತ್ರದಲ್ಲಿ ಅವಳಿಗೆ ಬೆರಾಖಾ ಅಂತ ಹೊಸ ಹೆಸರು ಇಟ್ಟವ್ರೆ. ಆಶೀರ್ವಾದ ಅಂತ ಅರ್ಥವಂತೆ. ಅವಳನ್ನೇ ಮದುವೆಯಾಗಿ ಮಕ್ಕಳಾದ್ವು ಅಂತ ವಿದ್ವಾಂಸರು ಹೇಳ್ತಾರೆ. 1149ರಲ್ಲಿ ಬೆನ್ ಯಿಜು ಮಗ, ಮಗಳನ್ನ ಕರ್ಕೊಂಡು ಏಡನ್ನಿಗೆ ಹೊರಟೋದ. ಕೈರೋದ ಒಂದು ಹಳೇ ಯಹೂದಿ ಮಂದಿರದ ಕೋಣೇಲಿ ನೂರಾರು ವರ್ಷ ಬಿದ್ದಿದ್ದ ಕಾಗದಗಳಲ್ಲಿ ಇವೆಲ್ಲ ಸಿಕ್ಕಿದ್ದು. ಅಮಿತಾವ್ ಘೋಷ್ ಇದನ್ನ ಹುಡ್ಕೊಂಡು ಮಂಗಳೂರಿಗೆ ಬಂದು ಪುಸ್ತಕಾನೇ ಬರೆದವ್ರೆ. ಗಂಡನ ಲೆಕ್ಕ, ಗಂಡನಿಗೆ ಬಂದ ಕಾಗದ, ಎಷ್ಟು ಮಣ ಮೆಣಸು, ಎಷ್ಟು ಕಂಚು, ಎಲ್ಲಾ ಐತೆ. ಅಶು ಕೈಯಿಂದ ಬಂದ ಒಂದು ಸಾಲೂ ಇಲ್ಲ. ಅವಳ ಬಿಡುಗಡೇನೂ ಗಂಡ ಬರೆದುಕೊಟ್ಟ ಕಾಗದವೇ.

ಎರಡನೇ ಜೋಡಿ ಉಳ್ಳಾಲದ ರಾಣಿ ಅಬ್ಬಕ್ಕ ಮತ್ತೆ ಮಂಗಳೂರು ಕಡೆಯ ಬಂಗರಸ. ಅಬ್ಬಕ್ಕನ ಹೆಸರು ಶಾಲೆ ಪಾಠದಲ್ಲಿ ಓದಿರ್ತೀರ. ಪೋರ್ಚುಗೀಸರ ಮೇಲೆ ಯುದ್ಧ ಮಾಡಿದೋಳು. 2012ರಲ್ಲಿ ಕರಾವಳಿ ಕಾವಲು ಪಡೆಯ ಒಂದು ಹಡಗಿಗೂ ಆಯಮ್ಮನ ಹೆಸರು ಇಟ್ರು. ಚೌಟರ ವಂಶ, ಜೈನರು. ಇತಿಹಾಸ ತಿಳಿದೋರು ಹೇಳೋದು, ಅಬ್ಬಕ್ಕ ಅನ್ನೋ ಹೆಸರಿನ ರಾಣಿ ಒಬ್ಳೇ ಅಲ್ಲ, ಒಬ್ಬರಾದ ಮೇಲೆ ಒಬ್ಬರು ಆಳಿದ್ರು ಅಂತ. ಪೋರ್ಚುಗೀಸರು ಮಂಗಳೂರಲ್ಲಿ ಕೋಟೆ ಕಟ್ಟಿದ್ದು 1568ರಲ್ಲಿ. ನಾನು ಹೇಳೋ ರಾಣಿ 1623ರಲ್ಲಿ ಸುಮಾರು ನಲವತ್ತು ವರ್ಷದೋಳು. ಲೆಕ್ಕ ಹಾಕಿದ್ರೆ ಗೊತ್ತಾಗುತ್ತೆ, ಕೋಟೆ ಕಟ್ಟೋ ಕಾಲಕ್ಕೆ ಇದ್ದೋಳು ಇವಳಿಗಿಂತ ಹಿಂದಿನ ರಾಣಿ.

ಅವಳ ವಯಸ್ಸು ನಮಗೆ ಎಂಗೆ ಗೊತ್ತು ಅಂದ್ರೆ, ಕಣ್ಣಾರೆ ನೋಡಿದೋನು ಬರೆದಿಟ್ಟವ್ನೆ. ಪಿಯೆತ್ರೊ ದೆಲ್ಲಾ ವಾಲ್ಲೆ ಅಂತ, ರೋಮ್ ಪಟ್ಟಣದೋನು. ಅವನದ್ದೂ ಒಂದು ಸಂಸಾರದ ಕತೆ. ಬಾಗ್ದಾದಿನಲ್ಲಿ ಮಾನಿ ಅನ್ನೋಳನ್ನ ಮದುವೆಯಾಗಿ ಜೊತೇಲೇ ದೇಶ ಸುತ್ತುತಿದ್ದ. ಪರ್ಷಿಯಾದಲ್ಲಿ ಅವಳು ತೀರ್ಕೊಂಡ್ಳು. ದೇಹ ಕೆಡದಂಗೆ ಮಾಡಿಸಿ, ಪೆಟ್ಟಿಗೇಲಿಟ್ಟು, ನಮ್ಮ ದೇಶಕ್ಕೂ ತಂದು, ಕೊನೆಗೆ ರೋಮಿಗೆ ಹೊತ್ಕೊಂಡು ಹೋಗಿ 1627ರಲ್ಲಿ ಮಣ್ಣು ಮಾಡಿದ. ಇಂಥೋನು ಪೋರ್ಚುಗೀಸರ ರಾಯಭಾರಿ ಜೊತೆ ಇಕ್ಕೇರಿಗೆ ಬಂದು, ಅಲ್ಲಿಂದ ಮಂಗಳೂರಿಗೆ ಇಳಿದು, ರಾಣೀನ ನೋಡ್ಬೇಕು ಅಂತ ಗುರುಪುರದ ಹತ್ರ ಮಣೇಲ್ ಅನ್ನೋ ಕಡೆ ಹೋದ.

ಅವನು ಕಂಡಿದ್ದು ಸಿಂಹಾಸನದ ಮೇಲೆ ಕೂತ ರಾಣೀನಲ್ಲ. ದಾರೀಲಿ ನಡ್ಕೊಂಡು ಬರ್ತಿದ್ಲು. ಬರಿಗಾಲು. ಸೊಂಟಕ್ಕೆ ದಪ್ಪ ಬಿಳಿ ಹತ್ತಿ ಬಟ್ಟೆ, ತಲೆ ಮೇಲಿಂದ ಇಳಿಬಿಟ್ಟ ಇನ್ನೊಂದು ಬಟ್ಟೆ, ಮೇಲೆ ಗರಿ ಛತ್ರಿ. ತೋಡಿಸ್ತಿದ್ದ ಕಾಲುವೆ ಕೆಲಸ ನೋಡೋಕೆ ಹೊರಟಿದ್ಲು. ಕಪ್ಪು ಬಣ್ಣ, ದಪ್ಪ ಮೈ, ಆದ್ರೆ ನಡಿಗೆ ಚುರುಕು ಅಂತ ಬರೀತಾನೆ. ನೋಡಿದ್ರೆ ರಾಣಿ ಅನ್ಸಲ್ಲ, ಅಡುಗೆಮನೆ ಕೆಲಸದೋಳೋ ಬಟ್ಟೆ ಒಗೆಯೋಳೋ ಅನ್ಸುತ್ತೆ ಅಂತಾನೂ ಬರೆದವ್ನೆ. ಇಂಥೋಳ ಕೈಲಾ ಸ್ಪೇನ್ ರಾಜನ ಸೈನ್ಯ ಸೋತಿದ್ದು ಅಂತ ಅವನಿಗೆ ಆಶ್ಚರ್ಯ. ಆದ್ರೆ ಬಾಯಿಬಿಟ್ಟು ಮಾತಾಡಿದಾಗ ಗೊತ್ತಾಯ್ತಂತೆ, ಇವಳು ತಿಳಿದೋಳು, ವಿವೇಕ ಇರೋಳು ಅಂತ. ದೊಡ್ಡ ದೊಡ್ಡ ಬಾದಶಾಗಳ ಅರಮನೆ ನೋಡಿದೋನಿಗೆ ನನ್ನ ಈ ಕಾಡಲ್ಲಿ ಏನು ಕೆಲಸ ಅಂತ ಅವನನ್ನೇ ಕೇಳಿದ್ಲಂತೆ.

ನನಗಂತೂ ಇದನ್ನ ಓದಿ ಬೇಜಾರಾಗ್ಲಿಲ್ಲ ಕಣ್ರಮ್ಮ. ಅಡುಗೆಮನೆಯೋಳ ಥರ ಇದ್ಲು ಅಂದ್ರೆ ಅದರಲ್ಲಿ ಅವಮಾನ ಏನೈತೆ? ನೀರು ಎಲ್ಲಿಗೆ ಹರೀಬೇಕು ಅಂತ ತಾನೇ ನಿಂತು ನೋಡೋಳು ರೇಷ್ಮೆ ಸೀರೆ ಉಟ್ಕೊಂಡು ಹೋಗ್ತಾಳಾ?

ಈಗ ಗಂಡನ ವಿಷಯ. ದೆಲ್ಲಾ ವಾಲ್ಲೆ ಹೇಳೋ ಪ್ರಕಾರ ಇವಳು ಉಳ್ಳಾಲಕ್ಕೆ ಒಡತಿ, ಆತ ಪಕ್ಕದ ಸೀಮೆಗೆ ಒಡೆಯ. ಮದುವೆಯಾಗಿದ್ರೂ ಇವಳು ಅವನ ಅರಮನೆಗೆ ಹೋಗಿ ಇರ್ಲಿಲ್ಲ, ಅವನೂ ಇಲ್ಲಿಗೆ ಬರ್ಲಿಲ್ಲ. ಅವರವರ ಸೀಮೇಲಿ ಅವರವರು. ಇಬ್ರೂ ಸೇರ್ಬೇಕು ಅಂದ್ರೆ ಗಡೀಲಿ ಹೊಳೆ ಮೇಲೆ ದೋಣಿಗೆ ಡೇರೆ ಕಟ್ಟಿಸಿ, ಇಲ್ಲಾ ಬೇರೆ ಒಳ್ಳೆ ಜಾಗದಲ್ಲಿ ಕೂಡ್ತಿದ್ರಂತೆ. ಗಂಡ ಹೆಂಡ್ತಿ ಎರಡು ದಿನ ಬೇರೆ ಊರಿಗೆ ಹೋಗೋದು ಇವತ್ತಿನ ಶೋಕಿ ಅಂತೀವಿ. ನಾನೂರು ವರ್ಷದ ಹಿಂದೇನೇ ಅವರಿಬ್ರೂ ಅದನ್ನ ಮಾಡಿದ್ರು ನೋಡಿ.

ಆಮೇಲೆ ಮನಸ್ತಾಪ ಬಂತು. ಆಯಮ್ಮ ಮದುವೆ ಮುರ್ಕೊಂಡು, ಗಂಡ ಕೊಟ್ಟಿದ್ದ ಒಡವೆನೆಲ್ಲಾ ವಾಪಸ್ ಕಳಿಸಿಬಿಟ್ಲು. ಬಂಗರಸನಿಗೆ ಅವಮಾನ ಆಯ್ತು. ಒಂದಿನ ಅವಳು ದೋಣೀಲಿ ಹೋಗ್ತಿದ್ದಾಗ ಹಿಡಿಸಿಬಿಟ್ಟ. ಇವಳು ನಯವಾಗಿ ಮಾತಾಡಿ ಬಿಡಿಸ್ಕೊಂಡ್ಳು. ಬಿಟ್ಟಿದ್ದೇ ತಡ, ಜನ ಸೇರಿಸಿದ್ಲು. ಆತ ಪೋರ್ಚುಗೀಸರ ಸಹಾಯ ಕೇಳಿದ. ಇವಳು ಇಕ್ಕೇರಿ ವೆಂಕಟಪ್ಪ ನಾಯಕನ ಸೈನ್ಯ ಕರೆಸಿದ್ಲು. ಗೆದ್ದದ್ದು ಇವಳ ಕಡೆಯೋರು.

ಒಡವೆ ವಾಪಸ್ ಕಳಿಸೋ ಧೈರ್ಯ ಎಲ್ಲಿಂದ ಬಂತು ಅಂತ ಕೇಳಿದ್ರೆ ಕತ್ತಿ ಹಿಡಿಯೋದು ಕಲಿತಿದ್ಲು ಅಂತಾರೆ. ನಾನು ಹೇಳೋದು, ನೆಲ ಅವಳದ್ದಾಗಿತ್ತು. ತುಳುನಾಡಲ್ಲಿ ಅಳಿಯಸಂತಾನ ಅಂತ ಕಟ್ಟು ಇತ್ತು. ಆಸ್ತಿ ತಾಯಿ ಕಡೆಯಿಂದ ಇಳೀತದೆ, ಅಪ್ಪನಿಂದ ಮಗನಿಗಲ್ಲ. ಇವಳಿಗೆ ಉಳ್ಳಾಲ ಬಂದಿದ್ದು ಅಕ್ಕನಿಂದ. ಎಷ್ಟೋ ಮನೇಲಿ ಯಜಮಾನಿಕೆ ಸೋದರಮಾವನ ಕೈಲಿತ್ತು, ಅದೂ ನಿಜ. ಆದ್ರೂ ಗಂಡನ ಜೊತೆ ಕೆಟ್ಟೋಯ್ತು ಅಂತ ಹೆಣ್ಣು ನೆಲೆ ಕಳ್ಕೊಳ್ತಿರ್ಲಿಲ್ಲ. ಅಶುಗೆ ಇಂಥ ನೆಲ ಇತ್ತು ಅಂತ ಆ ಕಾಗದಗಳಲ್ಲಿ ಎಲ್ಲೂ ಕಾಣಲ್ಲ.

ಇದನ್ನ ನಮ್ಮ ಆನೇಕಲ್ ತಾಲ್ಲೂಕಿನೋರು ಒಸಿ ಯೋಚನೆ ಮಾಡ್ಬೇಕು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ ಕಡೆ ರಾಗಿ ಹೊಲ ಎಲ್ಲಾ ಫ್ಯಾಕ್ಟರಿ, ಲೇಔಟು ಆಯ್ತು. ಹೊಲ ಮಾರೋವಾಗ ಅಕ್ಕತಂಗೀರನ್ನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿಸೋದು, ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ, ಒಂದಷ್ಟು ದುಡ್ಡು ಕೊಡೋದು, ಇದನ್ನ ಯಾರು ನೋಡಿಲ್ಲ? ಕರ್ನಾಟಕದಲ್ಲಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಕಾನೂನು ಬಂದಿದ್ದು 1994ರಲ್ಲಿ. ಆದ್ರೆ ಅದು ಜಾರಿಯಾಗೋ ಮುಂಚೆ ಮದುವೆಯಾದೋರಿಗೆ ಇಲ್ಲ ಅಂದಿದ್ರು. ನಮ್ಮ ವಯಸ್ಸಿನೋರು ಎಷ್ಟೋ ಜನ ಅದ್ರಲ್ಲೇ ಹೊರಗೆ ಉಳಿದ್ರು. 2005ರ ಕೇಂದ್ರದ ತಿದ್ದುಪಡೀಲಿ ಆ ಅಡ್ಡಿ ಹೋಯ್ತು. 2020ರಲ್ಲಿ ಸುಪ್ರೀಂ ಕೋರ್ಟು, 2005ರಲ್ಲಿ ಅಪ್ಪ ಬದುಕಿರ್ಬೇಕು ಅಂತೇನಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತೆ ಅಂತ ಹೇಳ್ತು. ಮೊದಲೇ ಭಾಗ ಆಗಿ ರಿಜಿಸ್ಟರ್ ಆಗಿದ್ರೆ ಬೇರೆ ಲೆಕ್ಕ. ಅಣ್ತಮ್ಮಂದಿರ ಜೊತೆ ಜಗಳ ಆಡಿ ಅಂತ ನಾನು ಹೇಳ್ತಿಲ್ಲ. ತವರು ನಮಗೂ ಬೇಕು. ಬಿಟ್ಟುಕೊಡೋದಾದ್ರೂ ಏನು ಬಿಡ್ತಿದ್ದೀವಿ ಅಂತ ಓದಿ, ಕೇಳಿ, ತಿಳ್ಕೊಂಡು ಸೈನ್ ಹಾಕಿ.

ಮಂಗಳೂರಿಗೆ ಹೋಗೋರಿಗೆ ಒಂದೆರಡು ಮಾತು. ಯಶವಂತಪುರದಿಂದ ಹಗಲು ರೈಲು ಇರೋ ದಿನ ನೋಡ್ಕೊಂಡು ಹೋಗಿ. ಸಕಲೇಶಪುರ ದಾಟಿದ್ಮೇಲೆ ಸುಬ್ರಹ್ಮಣ್ಯದವರೆಗೂ 57 ಸುರಂಗ, ಮಧ್ಯ ಮಧ್ಯ ಕಾಡು, ಝರಿ. ಮಂಗಳೂರಲ್ಲಿ ಕದ್ರಿ, ಮಂಗಳಾದೇವಿ ನೋಡಿ. ಸ್ಟೇಟ್ ಬ್ಯಾಂಕ್ ಅನ್ನೋ ಸ್ಟಾಪಲ್ಲಿ ಉಳ್ಳಾಲದ ಬಸ್ಸು ಹತ್ತಿದ್ರೆ ನೇತ್ರಾವತಿ ಸೇತುವೆ ದಾಟುತ್ತೆ, ಕಿಟಕಿ ಪಕ್ಕ ಕೂತ್ಕೊಳಿ. ಉಳ್ಳಾಲದಲ್ಲಿ ಅಬ್ಬಕ್ಕನ ಪ್ರತಿಮೆ, ಸಮುದ್ರದ ದಂಡೆ ಮೇಲೆ ಸೋಮೇಶ್ವರನ ಗುಡಿ, ಹೆಸರಾದ ದರ್ಗಾ ಅವೆ. ಇನ್ನೊಂದು ದಿನ ಇದ್ರೆ ಮೂಡುಬಿದಿರೆಗೆ ಹೋಗಿ ಸಾವಿರ ಕಂಬದ ಬಸದಿ ನೋಡಿ, ಚೌಟರ ಅರಮನೇನೂ ನೋಡಿ. ಅಲ್ಲಿ ಮರದ ಕಂಬದ ಮೇಲೆ ಒಂಬತ್ತು ಜನ ಹೆಂಗಸರು ಸೇರಿ ಆನೆ ಆಗಿರೋ ಕೆತ್ತನೆ ಐತೆ. ಬಂಟ್ವಾಳದ ಬಿ.ಸಿ. ರೋಡಲ್ಲಿ ತುಕಾರಾಂ ಪೂಜಾರಿಯವರು ಅಬ್ಬಕ್ಕನ ಹೆಸರಲ್ಲಿ ಕಟ್ಟಿರೋ ಸಂಗ್ರಹಾಲಯದಲ್ಲಿ ತುಳುವರ ಹಳೇ ಮನೆಸಾಮಾನು ಜೋಡಿಸವ್ರೆ. ನಮಗೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.

ಮಳೆಗಾಲ ಬುಟ್ಟು ಹೋಗಿ. ಕುಚ್ಚಲಕ್ಕಿ ಅನ್ನ ಮೊದಲ ದಿನ ಗಂಟಲಲ್ಲಿ ಇಳಿಯಲ್ಲ, ಎರಡನೇ ದಿನ ರೂಢಿ ಆಗುತ್ತೆ. ಮಕ್ಕಳು ಊಟಕ್ಕೆ ಏನು ಮಾಡ್ತಾರೋ ಅಂತ ಚಿಂತೆ ಬೇಡ, ಹುಳಿಪುಡಿ ಡಬ್ಬಿ ಎಲ್ಲೈತೆ ಅಂತ ತೋರಿಸಿ ಹೊರಡಿ.