ಪುಲಿಗೆರೆ ಸೀಮೆಯ ಕೈಮಾತು

ನಮ್ಮ ಅಡರಕಟ್ಟಿ ಲಕ್ಷ್ಮೇಶ್ವರದ ಮಗ್ಗುಲಿನ ಊರು. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ, ತಿರುಳ್ಗನ್ನಡದ ಸೀಮೆಯೆಂದು ಕವಿರಾಜಮಾರ್ಗ ಹೆಸರಿಸಿದ ನಾಲ್ಕರಲ್ಲಿ ಒಂದು. ಅಂಥ ಸೀಮೆಯಲ್ಲಿ ಮಾಸ್ತರನಾದ ನನಗೆ ಕಿವುಡ ಮಗುವಿನ ಜೊತೆ ಮಾತಾಡುವುದು ಹೇಗೆಂದು ಯಾರೂ ಕಲಿಸಿರಲಿಲ್ಲ. ಕಣ್ಣು ಕಾಣದ ಮಕ್ಕಳಿಗೆ ಗದಗಿನಲ್ಲಿ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮವಿತ್ತು, ಸಂಗೀತವಿತ್ತು. ಕಿವಿ ಕೇಳದ ಮಗುವಿಗೆ ಸಿಕ್ಕಿದ್ದು ಹಿಂದಿನ ಬೆಂಚು, ಮೇಲೆ ‘ಮೂಗ’ ಎಂಬ ಹೆಸರು.

ಇದಕ್ಕೆ ದೂರದ ಕಾರಣವೂ ಒಂದಿದೆ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಕಿವುಡರ ಶಿಕ್ಷಕರ ಸಮ್ಮೇಳನ ನಡೆಯಿತು. ಸಂಜ್ಞೆ ಬೇಡ, ಬಾಯಿಮಾತನ್ನೇ ಕಲಿಸಿ ಎಂದು ಅಲ್ಲಿ ಠರಾವಾಯಿತು. ಕೈ ಎತ್ತಿದವರು ಬಹುತೇಕ ಎಲ್ಲರೂ ಕಿವಿ ಕೇಳುವವರೇ! ನಮ್ಮ ದೇಶದ ಶಾಲೆಗಳೂ ಬಹುಕಾಲ ಅದೇ ಹಾದಿ ಹಿಡಿದವು: ತುಟಿ ನೋಡು, ಗಂಟಲು ಮುಟ್ಟು, ‘ಪ’ ಅನ್ನು. ಕೈಮಾತು ಹಾಸ್ಟೆಲಿನಲ್ಲಿ, ಆಟದ ಬಯಲಿನಲ್ಲಿ ಉಳಿದುಕೊಂಡಿತು. ಆ ಠರಾವನ್ನು ಅದೇ ಸಮ್ಮೇಳನ ತಿರಸ್ಕರಿಸಿದ್ದು 2010ರಲ್ಲಿ, ವ್ಯಾಂಕೂವರಿನಲ್ಲಿ.

ಅಷ್ಟರೊಳಗೆ ಇಲ್ಲಿ ಕೆಲಸ ಶುರುವಾಗಿತ್ತು. ಸ್ವತಃ ಕಿವುಡರಾದ ಮದನ್ ವಸಿಷ್ಠ, ಜೇಮ್ಸ್ ವುಡ್‌ವರ್ಡ್ ಅವರ ಜೊತೆ ಸೇರಿ 1970ರ ದಶಕದ ಕೊನೆಯಲ್ಲಿ ದೆಹಲಿ, ಕಲ್ಕತ್ತ, ಮುಂಬಯಿ, ಬೆಂಗಳೂರುಗಳ ಸಂಜ್ಞೆಗಳನ್ನು ಹೋಲಿಸಿ ನೋಡಿದರು. ಬೆಂಗಳೂರಿನ ಪ್ರಭೇದದ ಮೇಲೆ 1985ರಲ್ಲಿ ಒಂದು ಪುಸ್ತಕವೇ ಬಂತು. ಆದರೆ ಪುಸ್ತಕದಲ್ಲಿ ಕೈ ನಿಂತಲ್ಲೇ ನಿಂತಿರುತ್ತದೆ, ಪಕ್ಕಕ್ಕೊಂದು ಬಾಣದ ಗುರುತು. ಎಷ್ಟು ಬೇಗ ತಿರುಗಬೇಕು, ಎಲ್ಲಿ ತಡೆಯಬೇಕು? ಬಾಣ ಹೇಳುವುದಿಲ್ಲ.

ವಿಡಿಯೊ ಆ ಕೊರತೆ ನೀಗಿಸಿತು. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರ ಹುಟ್ಟಿತು. 2018ರಲ್ಲಿ 3,000 ಪದಗಳ ವಿಡಿಯೊ ನಿಘಂಟು ತಂದ ಕೇಂದ್ರ 2021ರ ಹೊತ್ತಿಗೆ ಅದನ್ನು 10,000ಕ್ಕೆ ಬೆಳೆಸಿತು. ಕೃಷಿಯ ಪದಗಳೂ ಸೇರಿದವು. ಪಠ್ಯಪುಸ್ತಕಗಳನ್ನು ಸಂಜ್ಞೆಗೆ ತರಲು 2020ರಲ್ಲಿ ಎನ್‌ಸಿಇಆರ್‌ಟಿ ಜೊತೆ ಒಪ್ಪಂದವಾಯಿತು. ಆಮೇಲೆ ಆ್ಯಪ್, ಆನ್‌ಲೈನ್ ಕೋರ್ಸು, 2024ರ ಡಿಸೆಂಬರಿನಲ್ಲಿ ಪಿಎಂ ಇ-ವಿದ್ಯಾದ 31ನೇ ಚಾನೆಲ್. ಹೆಸರುಗಳ ಮೆರವಣಿಗೆ ಸಾಕು. ನನ್ನ ಮಟ್ಟಿಗೆ ದೊಡ್ಡದು ಬೇರೆ. ಕಲಿಸುವ ಕುರ್ಚಿಗೆ ಕಿವುಡರೇ ಬಂದರು.

ಮೊಬೈಲನ್ನು ಚೊಂಬಿಗೆ ಒರಗಿಸಿ ಎರಡೂ ಕೈ ಬಿಡುವು ಮಾಡಿಕೊಂಡು ಕೂತರೆ ಪಾಠ ಶುರು. ‘ಊಟ ಆಯ್ತು’, ‘ಊಟ ಆಯ್ತಾ?’ ಎರಡಕ್ಕೂ ಕೈ ಒಂದೇ. ಹುಬ್ಬು ಏರಿ ತಲೆ ತುಸು ಮುಂದೆ ಬಾಗಿದರೆ ಪ್ರಶ್ನೆ. ನಮ್ಮಂಥ ಮಾಸ್ತರರ ಕೈ ಬೇಗ ಪಳಗುತ್ತದೆ, ಮುಖ ಮಾತ್ರ ಕಲ್ಲು. ರೆಕಾರ್ಡಾದ ವಿಡಿಯೊ ಇದನ್ನು ತಿದ್ದದು. ವಿಡಿಯೊ ಕಾಲಿನಲ್ಲಿ ಎದುರು ಕೂತ ಕಿವುಡ ಗುರು ತನ್ನ ಹುಬ್ಬು ಮುಟ್ಟಿ ತೋರಿಸಿ ಮತ್ತೆ ಮಾಡಿಸುತ್ತಾರೆ. ಅಷ್ಟರಲ್ಲಿ ನೆಟ್‌ವರ್ಕ್ ಹೋದರೆ ಕ್ರಿಯಾಪದ ಅರ್ಧಕ್ಕೇ ನಿಲ್ಲುತ್ತದೆ. ಹರಿದ ದನಿಯನ್ನು ಊಹಿಸಬಹುದು, ನಿಂತ ಕೈಯನ್ನು ಊಹಿಸಲಾಗದು.

ನಿಘಂಟು ಬಂದದ್ದು ಇಂಗ್ಲಿಷ್, ಹಿಂದಿ ಪದಗಳ ಜೊತೆ. ಅವುಗಳ ಎದುರು ಕನ್ನಡ ಬರೆದುಕೊಂಡ ನೋಟುಬುಕ್ಕು ನನ್ನದು. ಅದರಲ್ಲಿ ಇನ್ನೊಂದು ಸಾಲೂ ಇದೆ. ನನ್ನ ತರಗತಿಯ ಹುಡುಗ ಮೆಣಸಿನಕಾಯಿಗೆ ನಾಲಿಗೆ ಚಾಚಿ ಕೈ ಬೀಸುತ್ತಾನೆ, ಹೊಲಕ್ಕೆ ಹೋಗುವುದಕ್ಕೆ ಹೆಗಲು ತಟ್ಟುತ್ತಾನೆ. ಮನೆಯವರ ಜೊತೆ ಅವನೇ ಕಟ್ಟಿಕೊಂಡ ಸಂಜ್ಞೆಗಳಿವು. ಇವನ್ನು ಬಿಡಿಸಿ ಆ್ಯಪಿನದ್ದನ್ನೇ ರೂಢಿ ಮಾಡಿಸಬೇಕೆನ್ನುವ ಸಹೋದ್ಯೋಗಿಗಳಿದ್ದಾರೆ. ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ. ಅವನ ಅವ್ವ ಆ್ಯಪ್ ನೋಡಿದವಳಲ್ಲ. ಸಂಜೆ ಮನೆಗೆ ಹೋದರೆ ಅವನಿಗೆ ಹಳೆಯದೇ ಬೇಕು.